ಒಂದು ಜಪಮಾಲೆಗೆ ಎಷ್ಟು ಬೆಂಕಿಕಡ್ಡಿ? ಜೇನುಮೇಣದ ಕ್ಯಾಂಡಲ್ ಬಗ್ಗೆ

ಮೊದಲೇ ಹೇಳಿಬಿಡುತ್ತೇನೆ. ಇದು ಕೇಕಿನ ಪಕ್ಕ ಇಡುವ ಕ್ಯಾಂಡಲ್ ಅಲ್ಲ, ಕರೆಂಟ್ ಹೋದಾಗ ಹುಡುಕುವ ಕ್ಯಾಂಡಲ್ಲೂ ಅಲ್ಲ. ನವೆಂಬರ್ 2ರಂದು, ಅಂದರೆ ನಾವು ಕಥೋಲಿಕರು ಸತ್ತವರನ್ನು ನೆನೆಯುವ ದಿನ, ಸಿಮೆಟ್ರಿಯಲ್ಲಿ, ನಮ್ಮ ಕೊಡಗಿನ ಗಾಳಿ ಮತ್ತು ತುಂತುರು ಮಳೆಯ ಮಧ್ಯೆ, ಹೆಂಡತಿಯ ಸಮಾಧಿಯ ಮೇಲೆ ಹಚ್ಚಿದ ಕ್ಯಾಂಡಲ್. ಬೇರೆ ಕಡೆ ಇದು ಹೇಗೆ ಉರಿಯುತ್ತದೋ ನಾನು ನೋಡಿಲ್ಲ.

ನಾನು 34 ವರ್ಷ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ ಆಗಿದ್ದವನು. ಬೆಳಿಗ್ಗೆ ಚೆಕ್‌ರೋಲ್ (ಆಳುಗಳ ಹಾಜರಿ ಪುಸ್ತಕ) ಬರೆಯುವುದು, ಸಂಜೆ ಕಾಫಿ ಹಣ್ಣಿನ ಚೀಲ ತೂಗುವುದು. ಅಂದಾಜಿನ ಮಾತು ನನಗೆ ಸೇರುವುದಿಲ್ಲ. 'ಚೆನ್ನಾಗಿ ಉರಿಯುತ್ತೆ' ಅಂದರೆ ಎಷ್ಟು? ಅದಕ್ಕೆ ನಾನೇ ಒಂದು ಅಳತೆ ಮಾಡಿಕೊಂಡೆ. ಒಂದು ಪೂರ್ತಿ ಜಪಮಾಲೆ ಮುಗಿಯುವಷ್ಟರಲ್ಲಿ ಎಷ್ಟು ಬೆಂಕಿಕಡ್ಡಿ ಗೀರಬೇಕಾಯಿತು? ಐದು ರಹಸ್ಯ (ಜಪಮಾಲೆಯ ಒಂದೊಂದು ಭಾಗಕ್ಕೆ ಹಾಗೆ ಅನ್ನುತ್ತೇವೆ), 53 ನಮೋ ಮರಿಯ ಅನ್ನುವ ಮಾತೆ ಮರಿಯಳ ಪ್ರಾರ್ಥನೆ, ಪ್ರತಿ ರಹಸ್ಯದ ಕೊನೆಗೆ ಸತ್ತವರ ನಿತ್ಯ ವಿಶ್ರಾಂತಿಯ ಪ್ರಾರ್ಥನೆ. ನನ್ನ ವೇಗಕ್ಕೆ 20 ನಿಮಿಷ. ಹೆಂಡತಿ ಇದ್ದಾಗ 25 ಹಿಡಿಯುತ್ತಿತ್ತು, ಅವಳು ನುಂಗದೆ ಹೇಳುತ್ತಿದ್ದಳು.

ಲೆಕ್ಕ ಹೀಗಿದೆ. 2023ರಲ್ಲಿ ಪೇಟೆಯ ಅಂಗಡಿಯಲ್ಲಿ ಸಿಗುವ ಮಾಮೂಲಿ ಬಿಳಿ ಕ್ಯಾಂಡಲ್: 11 ಕಡ್ಡಿ. 2024ರಲ್ಲಿ ಆನ್‌ಲೈನಿನಲ್ಲಿ ತರಿಸಿದ 'ಅಪ್ಪಟ ಜೇನುಮೇಣ': 14 ಕಡ್ಡಿ, ಜೊತೆಗೆ ಸಿಟ್ಟು. 2025ರಲ್ಲಿ ಈ ಕ್ಯಾಂಡಲ್: 2 ಕಡ್ಡಿ. ಅದರಲ್ಲಿ ಒಂದು ಮೊದಲು ಹಚ್ಚಿದ್ದು.

ಆನ್‌ಲೈನ್ ಕಥೆ ಬೇಗ ಮುಗಿಸುತ್ತೇನೆ. ಹೆಸರು ಹೇಳುವುದಿಲ್ಲ, ಕಂಪನಿ ಇವತ್ತು ಒಂದು ಹೆಸರಲ್ಲಿರುತ್ತದೆ, ನಾಳೆ ಇನ್ನೊಂದು. ಫೋಟೋದಲ್ಲಿ ಜೇನುಗೂಡು, ಹೂವು, ಜೇನುಹುಳ ಎಲ್ಲ ಇತ್ತು. ಕೋಣೆಯ ಗಾಳಿಯನ್ನು ಶುದ್ಧ ಮಾಡುತ್ತದೆ ಅಂತಲೂ ಬರೆದಿದ್ದರು. ಡಬ್ಬಿ ಬಿಚ್ಚಿದರೆ ಸೆಂಟಿನ ವಾಸನೆ. ಉಗುರಿನಲ್ಲಿ ಕೆರೆದೆ. ಮೇಲೆ ಹಳದಿ, ಒಳಗೆ ಬಿಳಿ. ಗೋಡೆಗೆ ಸುಣ್ಣ ಹಚ್ಚಿದ ಹಾಗೆ ಬಣ್ಣ ಹಚ್ಚಿದ್ದಾರೆ. ವಾಪಸ್ ಕಳಿಸೋಣ ಅಂದರೆ ನಮ್ಮ ಪಿನ್‌ಕೋಡಿಗೆ ಪಿಕಪ್ ಇಲ್ಲವಂತೆ. ತಂದುಕೊಡುವುದಕ್ಕೆ ಇತ್ತು, ಒಯ್ಯುವುದಕ್ಕೆ ಇಲ್ಲ! ಅದೇ ವರ್ಷ ಮಗಳು ಬ್ಯಾಟರಿ ಕ್ಯಾಂಡಲ್ ಒಂದು ಕಳಿಸಿದ್ದಳು. ಅದಕ್ಕೆ ಕಡ್ಡಿಯೇ ಬೇಡ, ಗಾಳಿಗೂ ಆರುವುದಿಲ್ಲ. ಆದರೆ ಮಳೆಹನಿ ಒಳಗೆ ಹೋಗಿ ಪಟಪಟ ಅಂತ ಮಿಣುಕತೊಡಗಿತು, ಬೈಕಿನ ಇಂಡಿಕೇಟರ್ ಹಾಗೆ. ಪಕ್ಕದ ಸಮಾಧಿಯವರು ನಕ್ಕರು. ನಾನೂ ನಕ್ಕೆ. ಅವಳಿದ್ದಿದ್ದರೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು.

ಈ ವರ್ಷದ ಕ್ಯಾಂಡಲ್ ಸಿಕ್ಕಿದ್ದು ಮನೆಯಿಂದ ಮೂರು ಕಿಲೋಮೀಟರ್ ದೂರದಲ್ಲಿ. ಅಲ್ಲೊಬ್ಬ ಕೊಡವ ಹೆಂಗಸು ತಮ್ಮ ಸಣ್ಣ ತೋಟದಲ್ಲಿ ಜೇನುಪೆಟ್ಟಿಗೆ ಇಟ್ಟಿದ್ದಾರೆ, ತುಡುವೆ ಜೇನು. ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ನನ್ನ ಬಾಯಲ್ಲಿ 'ಅಮ್ಮಾವ್ರೇ' ಅಂತಲೇ ಬರುತ್ತದೆ. ಎಸ್ಟೇಟಿನ ಅಭ್ಯಾಸ. ಅವರು ನನ್ನನ್ನು ರೈಟ್ರೇ ಅನ್ನುತ್ತಾರೆ, ರಿಟೈರ್ ಆಗಿ ಏಳು ವರ್ಷವಾದರೂ.

ಅವರ ಮಾವನವರ ಕಾಲದಲ್ಲಿ ಆ ತೋಟದಲ್ಲಿ ನಲವತ್ತು ಪೆಟ್ಟಿಗೆ ಇತ್ತಂತೆ. 1990ರ ದಶಕದ ಶುರುವಿನಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ಮರಿಹುಳಗಳೆಲ್ಲ ಚೀಲದ ಹಾಗೆ ಊದಿ ಸತ್ತವು, ಪೆಟ್ಟಿಗೆಗಳು ಖಾಲಿಯಾದವು. ಆ ಕಾಲ ನನಗೂ ನೆನಪಿದೆ. ನಮ್ಮ ಎಸ್ಟೇಟಿನ ಪೆಟ್ಟಿಗೆಗಳನ್ನು ಕೊನೆಗೆ ಕೋಳಿ ಕಾವಿಗೆ ಕೂರಿಸಲು ಕೊಟ್ಟೆವು. ಇವರು ಮತ್ತೆ ಶುರು ಮಾಡಿ ಈಗ ಹನ್ನೆರಡು ಪೆಟ್ಟಿಗೆಗೆ ತಂದಿದ್ದಾರೆ.

ಮೇಣ ಯಾಕೆ ದುಬಾರಿ ಅನ್ನುವುದನ್ನೂ ಅವರೇ ಹೇಳಿದರು. ಕಾಫಿ ಹೂ ಬಿಟ್ಟ ಮೇಲೆ ಜೇನು ತೆಗೆಯುವಾಗ ಎರಿಯನ್ನು ಹಿಂಡುವುದಿಲ್ಲ. ಮೇಲಿನ ಮುಚ್ಚಳದಂಥ ಪದರವನ್ನು ಚಾಕುವಿನಿಂದ ಸವರಿ, ಎರಿಯನ್ನು ಯಂತ್ರದಲ್ಲಿ ತಿರುಗಿಸಿ ತುಪ್ಪ ತೆಗೆದು, ಎರಿಯನ್ನು ಹಾಗೇ ಪೆಟ್ಟಿಗೆಗೆ ವಾಪಸ್ ಇಡುತ್ತಾರೆ. ಸಿಗುವ ಮೇಣ ಅಂದರೆ ಆ ಸವರಿದ ಪದರ, ಮತ್ತೆ ಹಳೆಯದಾಗಿ ಕಪ್ಪಾದ ಎರಿ. ಹನ್ನೆರಡು ಪೆಟ್ಟಿಗೆಯಿಂದ ವರ್ಷಕ್ಕೆ ಎಷ್ಟು ಬಂದೀತು? ಅದನ್ನು ಬಿಸಿನೀರಲ್ಲಿ ಕರಗಿಸಿ, ಹಳೇ ಪಂಚೆಯಲ್ಲಿ ಸೋಸಿ, ಪೈಪಿನ ತುಂಡಿನಲ್ಲಿ ಹೊಯ್ದು ಕ್ಯಾಂಡಲ್ ಮಾಡುತ್ತಾರೆ.

ಆರು ಕ್ಯಾಂಡಲಿನ ಒಂದು ಕಟ್ಟು, 420 ರೂಪಾಯಿ. ಬಾಳೆಪಟ್ಟೆಯ ದಾರದಲ್ಲಿ ಕಟ್ಟಿ, ಪೇಪರಿನಲ್ಲಿ ಸುತ್ತಿ ಕೊಡುತ್ತಾರೆ. ಲೇಬಲ್ ಇಲ್ಲ. ಮನೆಗೆ ತಂದು ಒಳ್ಳೆಮೆಣಸು ತೂಗುವ ತಕ್ಕಡಿಯಲ್ಲಿ ಇಟ್ಟೆ. 44 ಗ್ರಾಂ, 46, 45, 43, 47, 45. ಕೈಯಲ್ಲಿ ಮಾಡಿದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಬಣ್ಣ ಹಣ್ಣಾದ ಹಲಸಿನ ತೊಳೆಯದು. ಮುರಿದರೆ ಒಳಗೂ ಅದೇ ಬಣ್ಣ. ಆನ್‌ಲೈನ್ ಆದಮೇಲೆ ನಾನು ಒಂದನ್ನು ಮುರಿದೇ ನೋಡಿದೆ, 70 ರೂಪಾಯಿ ಹೋದರೆ ಹೋಯಿತು.

ಕಟ್ಟು ಕೊಡುವಾಗ ಅವರು ಕೇಳಿದರು:

"ರೈಟ್ರೇ, ನಿಮ್ಮಲ್ಲಿ ಸತ್ತವರಿಗೆ ಎಡೆ ಇಡೋದಿಲ್ವಾ? ಬರೀ ಕ್ಯಾಂಡಲ್ಲಾ?"

"ಅಷ್ಟೇ ಅಮ್ಮಾವ್ರೇ. ಕ್ಯಾಂಡಲ್, ಹೂವು, ಪ್ರಾರ್ಥನೆ."

"ಅಯ್ಯೋ ಪಾಪ. ನಮ್ಮ ಕಾರಣರಿಗೆ ಕೋಳಿ ಬೇಕು, ಕಡಂಬುಟ್ಟು ಬೇಕು, ಒಂದು ಪೆಗ್ಗೂ ಬೇಕು."

"ನಮ್ಮವರು ಉಪವಾಸವೇ," ಅಂದೆ. ಇಬ್ಬರೂ ನಕ್ಕೆವು. ಆಮೇಲೆ ದಾರಿಯಲ್ಲಿ ಬರುತ್ತಾ ಯೋಚಿಸಿದೆ. ಅವರ ಕಾರಣರು, ಅಂದರೆ ಸತ್ತ ಹಿರಿಯರು, ಕೈಮಡ ಅನ್ನುವ ಮನೆತನದ ಗುಡಿಯಲ್ಲಿ ಕೂತು ಮನೆತನವನ್ನು ಕಾಯುತ್ತಾರೆ. ನಮ್ಮಲ್ಲಿ ಉಲ್ಟಾ. ಸತ್ತವರನ್ನು ನಾವು ಸ್ವಲ್ಪ ದಿನ ಕಾಯಬೇಕು.

ಇದು ಬೇರೆಯವರಿಗೆ ಅರ್ಥ ಮಾಡಿಸುವುದು ಕಷ್ಟ. ಪಾಪವೆಲ್ಲ ಕ್ಷಮಿಸಿ ಆಗಿದೆ, ಸ್ವರ್ಗಕ್ಕೆ ಹೋಗುವುದು ಖಚಿತ, ಆದರೂ ಇನ್ನೂ ಶುದ್ಧವಾಗಬೇಕಿದೆ ಅನ್ನುವಂಥ ಆತ್ಮಗಳಿಗಾಗಿ ನಾವು ಬೇಡಿಕೊಳ್ಳುವುದು. ಶುದ್ಧೀಕರಣ ಸ್ಥಳ ಅಂತ ಕನ್ನಡದಲ್ಲಿ, ಪುರ್ಗತೋರ್ ಅಂತ ನಮ್ಮ ಮನೆಯ ಕೊಂಕಣಿಯಲ್ಲಿ. ಅದು ಎರಡನೇ ಪರೀಕ್ಷೆ ಅಲ್ಲ, ಫೇಲಾದವರಿಗೆ ಇನ್ನೊಂದು ಚಾನ್ಸ್ ಅಲ್ಲ. ನಾನು ಕಾಫಿಯವನು, ನನಗೆ ಹೊಳೆಯುವುದು ಪಲ್ಪಿಂಗ್ ತೊಟ್ಟಿ. ಹಣ್ಣಿನ ಸಿಪ್ಪೆ ತೆಗೆದ ಮೇಲೆ ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ತೊಟ್ಟಿಯಲ್ಲಿ ಇಟ್ಟು, ಲೋಳೆ ಬಿಡಿಸಿ, ಕೈಗೆ ಸರಸರ ಅನ್ನುವ ತನಕ ತೊಳೆಯುತ್ತೇವೆ. ಆ ಬೀಜ ಒಳ್ಳೆಯದೇ. ಆರಿಸಿ ಆಗಿದೆ. ಇನ್ನು ಕಣಕ್ಕೆ ಹೋಗಿ ಬಿಸಿಲು ಕಾಯಬೇಕು ಅಷ್ಟೇ.

ಎಷ್ಟು ದಿನ, ಎಲ್ಲಿ, ಹೇಗೆ ಅಂತ ಕೇಳಬೇಡಿ. 1563ರಲ್ಲಿ ನಮ್ಮ ಕಥೋಲಿಕ ಬಿಷಪರ ಟ್ರೆಂಟ್ ಮಹಾಸಭೆ ಹೇಳಿದ್ದೂ ಅಷ್ಟೇ: ಶುದ್ಧೀಕರಣ ಸ್ಥಳ ಇದೆ, ಅಲ್ಲಿರುವವರಿಗೆ ನಮ್ಮ ಪ್ರಾರ್ಥನೆಯಿಂದ, ಅದರಲ್ಲೂ ಚರ್ಚಿನ ಬಲಿಪೂಜೆಯಿಂದ (ಮಾಸ್) ಸಹಾಯವಾಗುತ್ತದೆ. ಬರೀ ಕುತೂಹಲದ ಮಾತು, ದುಡ್ಡು ಮಾಡುವ ದಂಧೆ ಎರಡೂ ಬೇಡ ಅಂತಲೂ ಅದೇ ಸಭೆ ಬಿಷಪರಿಗೆ ತಾಕೀತು ಮಾಡಿತು. ನವೆಂಬರ್ 2ರ ದಿನ ಅದಕ್ಕಿಂತ ಐನೂರು ವರ್ಷ ಹಳೆಯದು. ಫ್ರಾನ್ಸಿನ ಕ್ಲೂನಿ ಮಠದ ಹಿರಿಯ ಓದಿಲೋ ತನ್ನ ಮಠಗಳಲ್ಲಿ ಈ ದಿನವನ್ನು ಸತ್ತವರಿಗೆಲ್ಲ ಅಂತ ಗೊತ್ತು ಮಾಡಿದ. ಹಿಂದಿನ ದಿನ ಸಕಲ ಸಂತರ ಹಬ್ಬ, ಗೆದ್ದು ಮುಟ್ಟಿದವರದು. ಮರುದಿನ ಇನ್ನೂ ದಾರಿಯಲ್ಲಿರುವವರದು.

ಕ್ಯಾಂಡಲಿಗೆ ಬರೋಣ.

ಈ ಸಲ ನವೆಂಬರ್ 2 ಭಾನುವಾರ ಬಂದಿತ್ತು, ಸಿಮೆಟ್ರಿ ತುಂಬಾ ಜನ. ಬೆಂಗಳೂರು, ಮೈಸೂರಿಂದೆಲ್ಲ ಮಕ್ಕಳು ಬಂದಿದ್ದರು. ಬೆಳಗಿನ ಪೂಜೆ ಮುಗಿಸಿ ಗುರುಗಳು ಸಮಾಧಿಗಳ ಮಧ್ಯೆ ತೀರ್ಥ ಚಿಮುಕಿಸುತ್ತಾ ಹೋದರು. ಆಗ ಬಿಸಿಲಿತ್ತು. ನಾನು ಆಗ ಹಚ್ಚಲಿಲ್ಲ. ಬಿಸಿಲಲ್ಲಿ, ಗಾಳಿ ಇಲ್ಲದಾಗ ಯಾವ ಕ್ಯಾಂಡಲ್ಲೂ ಉರಿಯುತ್ತದೆ. ಸಂಜೆ ನಾಲ್ಕೂವರೆಗೆ ಮತ್ತೆ ಹೋದೆ, ಮೇಷ್ಟ್ರ ಜೊತೆ.

ಮೇಷ್ಟ್ರು ನನ್ನ ಹಳೇ ಸ್ನೇಹಿತರು, ಸಿಎಸ್‌ಐ ಅನ್ನುವ ಪ್ರೊಟೆಸ್ಟೆಂಟ್ ಚರ್ಚಿನವರು, ಆನಂದಪುರದ ಕಡೆಯವರು. ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಕಟ್ಟಿಸಿದ ಊರು ಅಂತ ಅವರಿಗೆ ಹೆಮ್ಮೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ತಂದವರು ಇದೇ ಮೋಗ್ಲಿಂಗ್ ಅಂತ ವರ್ಷಕ್ಕೆ ನಾಲ್ಕು ಸಲವಾದರೂ ನನಗೆ ಹೇಳುತ್ತಾರೆ. ಅವರ ಸಭೆಯಲ್ಲಿ ಸತ್ತವರಿಗಾಗಿ ಪ್ರಾರ್ಥಿಸುವ ರೂಢಿ ಇಲ್ಲ.

"ನಾವು ಸತ್ತವರಿಗೋಸ್ಕರ ದೇವರಿಗೆ ಥ್ಯಾಂಕ್ಸ್ ಹೇಳ್ತೀವಿ ರೈಟ್ರೇ, ಶಿಫಾರಸು ಮಾಡೋದಿಲ್ಲ. ಅವರ ಲೆಕ್ಕ ಕ್ರಿಸ್ತನೇ ಮುಗಿಸಿದಾನೆ."

ನಾನು ಹಳೇ ಕಾಲದ ಯೆಹೂದಿ ಸೇನಾಪತಿ ಯೂದ ಮಕ್ಕಾಬಿಯನ ವಿಷಯ ತೆಗೆದೆ. ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಪಾಪಕ್ಕಾಗಿ ಅವನು ಚಂದಾ ಎತ್ತಿ ಜೆರುಸಲೇಮಿಗೆ ಬಲಿಗೆ ಕಳಿಸಿದ, ಸತ್ತವರು ಎದ್ದು ಬರುತ್ತಾರೆ ಅನ್ನುವ ನಂಬಿಕೆ ಇಲ್ಲದಿದ್ದರೆ ಅದು ವ್ಯರ್ಥವಾಗುತ್ತಿತ್ತು ಅಂತ ಎರಡನೇ ಮಕ್ಕಾಬಿಯರ 12ನೇ ಅಧ್ಯಾಯದಲ್ಲಿದೆ.

"ಆ ಪುಸ್ತಕ ನಮ್ಮ ಬೈಬಲಲ್ಲಿ ಇಲ್ಲವಲ್ಲ," ಅಂದರು ಮೇಷ್ಟ್ರು. ಇಪ್ಪತ್ತು ವರ್ಷದಿಂದ ಈ ಮಾತು ಇಲ್ಲಿಗೇ ನಿಲ್ಲುತ್ತದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿಲ್ಲ.

ಸಮಾಧಿ ಒರೆಸಿ, ಬಿದ್ದಿದ್ದ ಸಿಲ್ವರ್ ಓಕ್ ಎಲೆ ತೆಗೆದು, ಕ್ಯಾಂಡಲಿನ ಬುಡ ಸ್ವಲ್ಪ ಕರಗಿಸಿ ಕಲ್ಲಿಗೆ ಅಂಟಿಸಿದೆ. ಮೊದಲ ಕಡ್ಡಿ. ಬಿಳಿ ಕ್ಯಾಂಡಲ್ ಹಾಗೆ ತಟ್ಟನೆ ಹೊತ್ತಿಕೊಳ್ಳಲಿಲ್ಲ, ಬತ್ತಿ ಸ್ವಲ್ಪ ಮುನಿಸಿಕೊಂಡಿತು. ಜೇನುಮೇಣ ಕರಗಲು ಹೆಚ್ಚು ಕಾವು ಬೇಕು, ಸುಮಾರು 63 ಡಿಗ್ರಿ. ಒಂದು ನಿಮಿಷ ಕೈ ಅಡ್ಡ ಹಿಡಿದೆ. ಆಮೇಲೆ ಜ್ವಾಲೆ ಎದ್ದು ನಿಂತಿತು, ಗಿಡ್ಡ, ದಪ್ಪ, ಕಿತ್ತಳೆ ಬಣ್ಣದ್ದು. ಗಾಳಿ ಬಂದಾಗ ಬಗ್ಗುತ್ತದೆ, ಬತ್ತಿಯನ್ನು ಬಿಡುವುದಿಲ್ಲ. ವಾಸನೆ ಸೆಂಟಿನದಲ್ಲ. ಕಾಫಿ ಹೂ ಬಿಟ್ಟ ವಾರ ತೋಟದಲ್ಲಿ ಇರುತ್ತದಲ್ಲ, ಅದರ ಕೊನೆಯ ಎಳೆ, ಅದೂ ಮೂಗು ಹತ್ತಿರ ತಂದರೆ ಮಾತ್ರ.

ಮೂರನೇ ರಹಸ್ಯದಲ್ಲಿ ಮಳೆ ಶುರುವಾಯಿತು. ಒಂದು ದೊಡ್ಡ ಹನಿ ಬತ್ತಿಯ ಮೇಲೆಯೇ ಬಿದ್ದು ಚುಂಯ್ ಅಂತ ಆರಿತು. ಎರಡನೇ ಕಡ್ಡಿ ಅದು. ಆಗ ಮೇಷ್ಟ್ರು ಏನೂ ಹೇಳದೆ ತಮ್ಮ ಕೊಡೆ ಬಿಚ್ಚಿ ಕ್ಯಾಂಡಲಿನ ಮೇಲೆ ಹಿಡಿದರು. ಅವರ ತಲೆ ಪೂರ್ತಿ ಹೊರಗೆ, ಮಳೆಯಲ್ಲಿ.

"ನಾನು ಪ್ರಾರ್ಥನೆ ಮಾಡ್ತಿಲ್ಲ," ಅಂದರು. "ಕೊಡೆ ಹಿಡಿದಿದ್ದೀನಿ ಅಷ್ಟೇ."

ಹೀಗಾಗಿ ನನ್ನ ಲೆಕ್ಕದಲ್ಲಿ ಒಂದು ತಕರಾರು ಇದೆ, ಒಪ್ಪಿಕೊಳ್ಳುತ್ತೇನೆ. ಹಿಂದಿನ ಎರಡು ವರ್ಷ ಕೊಡೆ ಇರಲಿಲ್ಲ. ಕೊಡೆ ಇಲ್ಲದಿದ್ದರೆ ಐದು ಕಡ್ಡಿ ಆಗುತ್ತಿತ್ತೋ ಏನೋ. ಚೆಕ್‌ರೋಲಿನಲ್ಲಿ ಎರಡು ಅಂತ ಬರೆದು, ಪಕ್ಕದಲ್ಲಿ 'ಕೊಡೆ' ಅಂತ ಗುರುತು ಹಾಕಿದ್ದೇನೆ. ಇನ್ನೊಂದು ಅಂಶ, ಅಂಗಡಿಯ ಬಿಳಿ ಕ್ಯಾಂಡಲ್ ಕಿರುಬೆರಳಷ್ಟು ಸಣ್ಣ, ಇದು ಹೆಬ್ಬೆರಳಿನಷ್ಟು ದಪ್ಪ. ದಪ್ಪದ ಬಿಳಿ ಕ್ಯಾಂಡಲ್ ತಂದು ಹಚ್ಚಿದರೆ ವ್ಯತ್ಯಾಸ ಕಡಿಮೆ ಆಗಬಹುದು.

ಆದರೆ ಎರಡಕ್ಕೂ ಹನ್ನೊಂದಕ್ಕೂ ಇರುವ ವ್ಯತ್ಯಾಸ ಬರೀ ಕಡ್ಡಿಯದಲ್ಲ. ಕ್ಯಾಂಡಲ್ ಹಚ್ಚಿದರೆ ಆತ್ಮಕ್ಕೆ ದಾರಿ ಕಾಣುತ್ತದೆ ಅಂತ ನಮ್ಮಲ್ಲೂ ಕೆಲವರು ಹೇಳುತ್ತಾರೆ. ಹಾಗೇನೂ ಇಲ್ಲ, ಮೇಣಕ್ಕೆ ಆ ಶಕ್ತಿ ಇಲ್ಲ. ಕೆಲಸ ಮಾಡುವುದು ಪ್ರಾರ್ಥನೆ. 2023ರಲ್ಲಿ ಹನ್ನೊಂದು ಸಲ ಬಗ್ಗಿ ಕಡ್ಡಿ ಗೀರಿದವನಿಗೆ ಯಾವ ನಮೋ ಮರಿಯ ಎಲ್ಲಿಗೆ ಬಂತು ಅಂತಲೇ ಗೊತ್ತಿರಲಿಲ್ಲ. ಅವಳು ಹೋಗಿ ಎಂಟು ತಿಂಗಳಾಗಿತ್ತು, ನಾನು ಪೂರ್ತಿ 20 ನಿಮಿಷ ಬೆಂಕಿಪೊಟ್ಟಣದ ಜೊತೆ ಜಗಳವಾಡಿ ಮನೆಗೆ ಬಂದೆ. ಈ ವರ್ಷ ಕೊನೆಯ ಎರಡು ರಹಸ್ಯದಲ್ಲಿ ಕ್ಯಾಂಡಲ್ ಇರುವುದೇ ಮರೆತುಹೋಗಿತ್ತು. ನನಗೆ ಬೇಕಿದ್ದದ್ದು ಅಂಥ ಕ್ಯಾಂಡಲ್.

ಇಷ್ಟೊಂದು ಯಾಕೆ ಕ್ಯಾಂಡಲ್ ಹಿಂದೆ ಬಿದ್ದಿದ್ದೀಯಾ ಅಂತ ಮಗಳು ಕೇಳುತ್ತಾಳೆ. ಫೆಬ್ರವರಿ 2ರ ಹಬ್ಬಕ್ಕೆ ಚರ್ಚಿನಲ್ಲಿ ಕ್ಯಾಂಡಲ್ ಆಶೀರ್ವಾದ ಮಾಡಿ ಕೊಡುತ್ತಾರೆ. ಅದರಲ್ಲಿ ಒಂದನ್ನು ಮನೆಯಲ್ಲಿ ತೆಗೆದಿಡುವುದು, ಯಾರಾದರೂ ಕೊನೆಯುಸಿರು ಎಳೆಯುವಾಗ ಹಚ್ಚಿ ಕೈಗೆ ಕೊಡುವುದು ಹಳೇ ಪದ್ಧತಿ. ನನ್ನ ಅತ್ತೆ ಹಾಗೇ ಹೋದರು. ಹೆಂಡತಿಯೂ ಒಂದನ್ನು ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟಿದ್ದಳು. 'ನಂದು ಇಲ್ಲಿದೆ ನೋಡಿ' ಅಂತ ತೋರಿಸಿದ್ದಳು, ರೇಷನ್ ಕಾರ್ಡ್ ಎಲ್ಲಿದೆ ಅಂತ ತೋರಿಸುವ ಹಾಗೆ. ಅವಳು ಹೋಗಿದ್ದು ಮೈಸೂರಿನ ಆಸ್ಪತ್ರೆಯ ಐಸಿಯುನಲ್ಲಿ. ಅಲ್ಲಿ ಆಕ್ಸಿಜನ್ ಇರುತ್ತದೆ, ಬೆಂಕಿ ಹಚ್ಚುವಂತಿಲ್ಲ. ಅದು ಸರಿಯೇ. ನರ್ಸಮ್ಮ ಒಬ್ಬಳು ತನ್ನ ಮೊಬೈಲಿನ ಟಾರ್ಚ್ ಹಾಕಿ ಹಾಸಿಗೆಯ ಪಕ್ಕ ಇಟ್ಟಳು. ಒಳ್ಳೆ ಹುಡುಗಿ.

ಬೀರುವಿನ ಕ್ಯಾಂಡಲ್ ಇನ್ನೂ ಅಲ್ಲೇ ಇದೆ. ಮೂರು ಬೇಸಿಗೆಗೆ ಬಾಳೆಕಾಯಿಯ ಹಾಗೆ ಬಾಗಿದೆ. ಪರೀಕ್ಷೆಗೆ ಅದನ್ನು ತೆಗೆದುಕೊಂಡಿಲ್ಲ.

ಈಗ ದೂರುಗಳು. ಒಂದು, ಕಟ್ಟು ತಂದು ಎರಡು ವಾರಕ್ಕೆ ಕ್ಯಾಂಡಲ್ ಮೇಲೆಲ್ಲ ಬೆಳ್ಳಗೆ ಪುಡಿ ಬಂತು. ನಮ್ಮ ಕೊಡಗಿನಲ್ಲಿ ಮಳೆಗಾಲಕ್ಕೆ ಬೆಲ್ಟಿಗೂ ಬೂಷ್ಟು, ಚಪ್ಪಲಿಗೂ ಬೂಷ್ಟು, ಬೈಬಲಿನ ರಟ್ಟಿಗೂ ಬೂಷ್ಟು. ಇದಕ್ಕೂ ಬಂತಲ್ಲ ಅಂದುಕೊಂಡು ಬೈಯಲು ಫೋನ್ ಮಾಡಿದೆ. ಬೂಷ್ಟಲ್ಲವಂತೆ. ಚಳಿಗೆ ಮೇಣದೊಳಗಿನ ಜಿಡ್ಡು ಮೇಲೆ ಬಂದು ಬೆಳ್ಳಗೆ ಕೂರುತ್ತದಂತೆ, ಅಸಲಿ ಮೇಣಕ್ಕೆ ಮಾತ್ರ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಇದನ್ನು ಕೊಡುವಾಗಲೇ ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಬೈಗುಳದ ದುಡ್ಡು ಉಳಿಯುತ್ತಿತ್ತು.

ಎರಡು, ಆರರಲ್ಲಿ ಒಂದು ಕ್ಯಾಂಡಲಿನ ಬತ್ತಿ ಸಣ್ಣದಾಯಿತು. ಸುತ್ತ ಮೇಣ ಕೊಳದ ಹಾಗೆ ನಿಂತು ಬತ್ತಿ ಅದರಲ್ಲೇ ಮುಳುಗಿತು. ಮೊದಮೊದಲು ದೇವರ ದೀಪದ ಬತ್ತಿಯನ್ನೇ ಹಾಕುತ್ತಿದ್ದರಂತೆ, ಈಗ ಹತ್ತಿಯ ದಾರವನ್ನು ಜಡೆ ಹೆಣೆದು ಹಾಕುತ್ತಾರೆ. ಇದು ಹಳೇ ಬತ್ತಿಯದು ಒಂದು ಉಳಿದಿತ್ತು ಅಂತ ಬದಲಾಯಿಸಿಕೊಟ್ಟರು. ಮೂರು, ಇರುವೆ. ಬೆಳಿಗ್ಗೆ ಹಚ್ಚಿ ಬಂದವರ ಸಮಾಧಿಗಳಲ್ಲಿ ಬಿಳಿ ಮೇಣ ಹಾಗೇ ಬಿದ್ದಿತ್ತು. ನನ್ನದು ಮರುದಿನ ನೋಡಿದರೆ ಸುತ್ತ ಇರುವೆ ಸಾಲು. ಎರಡು ಜೇನುಹುಳವೂ ಬಂದು ಮೂಸಿ ನೋಡುತ್ತಿದ್ದವು. ಇದು ದೂರೋ ಹೊಗಳಿಕೆಯೋ, ನೀವೇ ಲೆಕ್ಕ ಹಾಕಿಕೊಳ್ಳಿ.

ಜೇನುಹುಳಕ್ಕೂ ಚರ್ಚಿಗೂ ಹಳೇ ನಂಟಿದೆ, ಅದನ್ನು ಹೇಳಿದಾಗ ಅಮ್ಮಾವ್ರು ನಂಬಲಿಲ್ಲ. ಈಸ್ಟರ್ ಹಿಂದಿನ ರಾತ್ರಿ ದೊಡ್ಡ ಪಾಸ್ಖ ಕ್ಯಾಂಡಲ್ ಮುಂದೆ ಹಾಡುವ ಸ್ತುತಿಗೀತೆಯಲ್ಲಿ ಜೇನುಹುಳಗಳ ಕೆಲಸದ ಮಾತು ಬರುತ್ತದೆ, ಈ ಕ್ಯಾಂಡಲ್ ಅವುಗಳ ದುಡಿಮೆ ಅಂತ. "ನಮ್ಮ ಹುಳದ ಹೆಸರು ಚರ್ಚಲ್ಲಿ ಹೇಳ್ತಾರಾ?" ಅಂತ ಎರಡು ಸಲ ಕೇಳಿದರು. ಮುಂದಿನ ಈಸ್ಟರಿಗೆ ಬಂದು ಕೇಳಿಸಿಕೊಳ್ಳುತ್ತಾರಂತೆ.

ಆರು ಕ್ಯಾಂಡಲಿನಲ್ಲಿ ಒಂದು ಮುರಿದದ್ದು ಹೋಯಿತು. ಹೆಂಡತಿಗೆ ಒಂದು, ಅತ್ತೆ ಮಾವನಿಗೆ ಒಂದು, ಅಪ್ಪ ಅಮ್ಮನಿಗೆ ಒಂದು. ಇನ್ನೊಂದನ್ನು ಸಿಮೆಟ್ರಿ ಮಧ್ಯದ ದೊಡ್ಡ ಶಿಲುಬೆಯ ಬುಡದಲ್ಲಿ ಹಚ್ಚಿದೆ, ಸಮಾಧಿಯೇ ಇಲ್ಲದವರಿಗೆ. ನಮ್ಮ ಅಜ್ಜಿ ಕಲಿಸಿದ ರೂಢಿ ಇದು. 1784ರಲ್ಲಿ ಟಿಪ್ಪು ಕರಾವಳಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ದಾರಿಯಲ್ಲೇ ಸತ್ತವರು ಎಷ್ಟೋ ಜನ. ತಪ್ಪಿಸಿಕೊಂಡು ಬಂದವರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟ, 1792ರಲ್ಲಿ ಸಂತ ಅನ್ನಮ್ಮನ ಚರ್ಚ್ ಆಯಿತು. ಘಟ್ಟದಲ್ಲಿ ಬಿದ್ದವರಿಗೆ ಕಲ್ಲೂ ಇಲ್ಲ, ಹೆಸರೂ ಇಲ್ಲ. ಅಜ್ಜಿ ಅವರಿಗೆ ಅಂತಲೇ ಒಂದು ಹಚ್ಚಿ 'ದಾರಿಯವರು' ಅನ್ನುತ್ತಿದ್ದಳು. ಆ ಕ್ಯಾಂಡಲ್ ರಾತ್ರಿ ಒಂಬತ್ತಕ್ಕೂ ಉರಿಯುತ್ತಿತ್ತು ಅಂತ ಸಿಮೆಟ್ರಿ ಪಕ್ಕದ ಮನೆಯ ಹುಡುಗ ಹೇಳಿದ. ಕಟ್ಟಿನಲ್ಲಿ ಉಳಿದದ್ದು ಆ ಸಣ್ಣ ಬತ್ತಿಯದಕ್ಕೆ ಬದಲಿ ಬಂದದ್ದು, ಮಾರ್ಚಿನ ವರ್ಷಾಬ್ದಿಗೆ ಇಟ್ಟಿದ್ದೇನೆ.

ಬೇಕಾದವರು ಸೆಪ್ಟೆಂಬರಿನಲ್ಲೇ ಹೇಳಿಡಬೇಕು. ಮೇಣ ಮುಗಿದರೆ ಮುಗಿಯಿತು, ಅಂಗಡಿಯಿಂದ ತಂದು ಬೆರೆಸುವವರಲ್ಲ. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಸಂಜೆ ಆರರ ಮೇಲೆ ಮನೆ ಹಿಂದಿನ ಗುಡ್ಡ ಹತ್ತಿದಾಗ ಮಾತ್ರ ಫೋನ್ ಸಿಗುತ್ತದೆ. ಪಾರ್ಸೆಲ್ ಕಳಿಸುವುದಿಲ್ಲ, ಹೋಗಿಯೇ ತರಬೇಕು. ನಾಯಿ ಇದೆ, ಗೇಟಿನಲ್ಲಿ ನಿಂತು ಕೂಗಿ. ನಾನು ಮುಂದಿನ ವರ್ಷಕ್ಕೆ ಎರಡು ಕಟ್ಟು ಹೇಳಿದ್ದೇನೆ. ಒಂದು ಮೇಷ್ಟ್ರಿಗೆ. ಪ್ರಾರ್ಥನೆಗೆ ಅಲ್ಲವಂತೆ, ಕರೆಂಟ್ ಹೋದಾಗ ಓದುವುದಕ್ಕಂತೆ.